ರಾಬರ್ಟ್‌ಸನ್‌ಪೇಟೆಯ ಒಂದು ಚಿನ್ನದ ಅಂಗಡಿ: ತೂಕ ಸರಿ, ಬಿಲ್ಲು ಸರಿ, ಚಿನ್ನದ ಊರು ಮಾತ್ರ ಗೊತ್ತಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಅಂಗಡಿ ಚೆನ್ನಾಗಿದೆ. ತಂಗಿ ಮದುವೆಗೆ ಜುಮುಕಿ, ತಾಳಿಗೆ ಗುಂಡು ತಗೊಂಡೆವು. ಅಮ್ಮನ ಹಳೇ ಸರ ಕರಗಿಸಿ ಒಂದೆಳೆ ಸರ ಮಾಡಿಸಿದೆವು. ತೂಕದಲ್ಲಿ ಮೋಸ ಇಲ್ಲ, ಬಿಲ್ಲಿನಲ್ಲಿ ಮೋಸ ಇಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ಒಂದು ಸ್ಟಾರ್ ಯಾಕೆ ಹೋಯಿತು ಅನ್ನೋದೇ ದೊಡ್ಡ ಕಥೆ. ಬರೀ ಅಂಗಡಿ ವಿಷಯ ಬೇಕಾದವರು ಮೊದಲ ಭಾಗ ಓದಿ ಎದ್ದು ಹೋಗಬಹುದು, ಬೇಜಾರಿಲ್ಲ.

ಅಂಗಡಿ ಹೆಸರು ಹಾಕುತ್ತಿಲ್ಲ. ಯಾಕೆ ಅಂದರೆ ನನ್ನ ದೂರು ಇವರೊಬ್ಬರ ಮೇಲಲ್ಲ. ಕೋಲಾರ, ಬಂಗಾರಪೇಟೆ, ಬೆಂಗಳೂರಿನ ಏಸಿ ಶೋರೂಮು, ಎಲ್ಲಿಗೆ ಹೋಗಿ ಇದೇ ಪ್ರಶ್ನೆ ಕೇಳಿದರೂ ಇದೇ ಉತ್ತರ ಸಿಗುತ್ತದೆ. ಒಬ್ಬರ ಹೆಸರು ಹಾಕಿ ಬೈದರೆ ಉಳಿದವರೆಲ್ಲ ಒಳ್ಳೆಯವರು ಅಂದಂತಾಗುತ್ತದೆ ಅಲ್ವಾ? ಮಾರ್ಕೆಟ್ ಹತ್ತಿರದ ಸಾಲಿನಲ್ಲಿದೆ, ಸೇಟು ಅಂಗಡಿ, ತಂದೆ ಕಾಲದ್ದು. ಈಗಿನ ಸೇಟು ಕನ್ನಡ, ತಮಿಳು, ತೆಲುಗು ಮೂರನ್ನೂ ಒಂದೇ ವಾಕ್ಯದಲ್ಲಿ ಆಡಿ ಮುಗಿಸುತ್ತಾರೆ. ಕೆಜಿಎಫ್‌ನಲ್ಲಿ ಇದೇನು ವಿಶೇಷ ಅಲ್ಲ ಬಿಡಿ.

ನನಗೆ ಇಷ್ಟವಾಗಿದ್ದು ತೋರಿಸುವ ರೀತಿ. ತೂಕದ ಯಂತ್ರ ನಮ್ಮ ಕಡೆ ತಿರುಗಿಸಿಯೇ ಇಡುತ್ತಾರೆ, ಸೊನ್ನೆ ಬಂದ ಮೇಲೆಯೇ ಒಡವೆ ಇಡುತ್ತಾರೆ. ಜುಮುಕಿಯಲ್ಲಿ ಕೆಂಪು ಕಲ್ಲು ಇತ್ತು. ಕಲ್ಲಿನ ತೂಕ ಕಳೆದು ಚಿನ್ನದ ತೂಕ ಬೇರೆ ಬರೆದರು, ನಾವು ಕೇಳುವ ಮೊದಲೇ. ವೇಸ್ಟೇಜು ಶೇ. 12 ಅಂತ ಶುರು ಮಾಡಿದರು. ಅಮ್ಮ "ಸ್ವಲ್ಪ ನೋಡಿ ಹಾಕಿ ಸೇಟು, ನಿಮ್ಮ ತಂದೆ ಕಾಲದಿಂದ ಬರ್ತಿದೀವಿ" ಅಂದರು. 9ಕ್ಕೆ ಇಳಿಯಿತು. ಆಮೇಲೆ ಅಮ್ಮ ಸುಮ್ನೆ ಕೂತರು, ಸುಮ್ಮನಿದ್ದದ್ದಕ್ಕೇ ಇನ್ನೂ ಅರ್ಧ ಪರ್ಸೆಂಟ್ ಇಳಿಯಿತು. ಅದನ್ನು ನಾನು ಈ ಜನ್ಮದಲ್ಲಿ ಕಲಿಯುವುದಿಲ್ಲ.

ಹಾಲ್‌ಮಾರ್ಕ್ ನೋಡೋದು ಹೇಗೆ ಅಂತ ಗೊತ್ತಿಲ್ಲದವರಿಗೆ: ಜುಮುಕಿ ತಿರುಗಿಸಿ ಹಿಂದೆ ನೋಡಿ. ಬರಿಗಣ್ಣಿಗೆ ಗೀರಿನಂತೆ ಕಾಣುತ್ತದೆ, ಭೂತಗನ್ನಡಿ ಕೇಳಿ ತಗೊಳ್ಳಿ. ಮೂರು ಗುರುತು ಇರಬೇಕು. ತ್ರಿಕೋನದ ಬಿಐಎಸ್ ಚಿಹ್ನೆ, ಆಮೇಲೆ 22ಕೆ916, ಆಮೇಲೆ ಅಕ್ಷರ ಅಂಕಿ ಬೆರೆತ ಆರು ಸ್ಥಾನದ ಸಂಖ್ಯೆ. ಆ ಆರು ಸ್ಥಾನದ್ದನ್ನೇ ಎಚ್‌ಯುಐಡಿ ಅನ್ನುವುದು. ಒಂದೊಂದು ಒಡವೆಗೂ ಬೇರೆ ಬೇರೆ. 2023ರ ಏಪ್ರಿಲ್ 1ರಿಂದ ಇದು ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವ ಹಾಗಿಲ್ಲ. ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು ಆ ಸಂಖ್ಯೆ ಒತ್ತಿದರೆ ಯಾವ ಅಂಗಡಿ, ಯಾವ ಕೇಂದ್ರದಲ್ಲಿ ಪರೀಕ್ಷೆ ಆಯಿತು, ಏನು ಒಡವೆ, ಎಷ್ಟು ಶುದ್ಧ ಎಲ್ಲ ಬರುತ್ತದೆ. ನಾನು ಅಲ್ಲೇ ಕೂತು ಮೂರು ಗುರುತನ್ನೂ ನೋಡಿದೆ. ಸೇಟು ಮುಖ ಸಿಂಡರಿಸಲಿಲ್ಲ, "ನೋಡಿ ಮೇಡಂ, ನಿಧಾನಕ್ಕೆ ನೋಡಿ" ಅಂದು ಕಾಫಿ ತರಿಸಿದರು. ಕಾಫಿ ಸಾಧಾರಣ.

ಹಳೇ ಸರದ ವಿಷಯದಲ್ಲಿ ಸ್ವಲ್ಪ ಜಾಗ್ರತೆ ಇರಲಿ. ಕ್ಯಾರೆಟ್ ಮೀಟರಿನಲ್ಲಿ ಇಟ್ಟು ತೋರಿಸಿದರು. ಕೊಂಡಿ ಹತ್ತಿರ ಬೆಸುಗೆ ಜಾಸ್ತಿ ಇರುವುದರಿಂದ ಅಲ್ಲಿ ಕಡಿಮೆ ಬರುತ್ತದೆ, ಮಧ್ಯದ ಎಳೆಯಲ್ಲಿ ಇಟ್ಟು ನೋಡಿ ಅಂತ ನೀವೇ ಹೇಳಬೇಕು. ನಮ್ಮ ಚಿಕ್ಕಪ್ಪ ಹೇಳಿದರು, ಆದ್ದರಿಂದ ಬಚಾವ್.

ಈ ಚಿಕ್ಕಪ್ಪನಿಂದಲೇ ಒಂದು ಸ್ಟಾರ್ ಹೋಗಿದ್ದು.

ಅವರು ಕೆಜಿಎಫ್ ಚಿನ್ನದ ಗಣಿಯ ಸರ್ಕಾರಿ ಕಂಪನಿ ಬಿಜಿಎಂಎಲ್‌ನಲ್ಲಿ ಇದ್ದವರು. ಚಾಂಪಿಯನ್ ರೀಫ್ ಕಡೆ, ಮಿಲ್ಲಿನಲ್ಲಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಮನೆಗೆ ಬಂದರು, ಆಮೇಲೆ ಬೆಂಗಳೂರಿನ ರೈಲಿನಲ್ಲಿ ಓಡಾಡಿಕೊಂಡು ಸೆಕ್ಯುರಿಟಿ ಕೆಲಸ ಮಾಡಿದರು. ಮೂರು ಕಿಲೋಮೀಟರಿಗಿಂತ ಆಳದಿಂದ ಕಲ್ಲು ಮೇಲೆ ಬಂದು, ಪುಡಿಯಾಗಿ, ಸಯನೈಡ್ ನೀರಿನಲ್ಲಿ ನೆನೆದು, ಕೊನೆಗೆ ಅಂಗೈ ಅಗಲದ ಚಿನ್ನ ಆಗುವುದನ್ನು ಕಣ್ಣಾರೆ ಕಂಡವರು. ಚಿನ್ನದ ಅಂಗಡಿಗೆ ಬಂದರೆ ಅವರು ಡಿಸೈನ್ ನೋಡುವುದಿಲ್ಲ. ಜುಮುಕಿ ಎತ್ತಿ ಬೆಳಕಿಗೆ ಹಿಡಿದು ಕೇಳಿದರು.

"ಸೇಟು, ಇದು ಯಾವ ಗಣೀದು?"

ಸೇಟು ನಕ್ಕರು. "ನಿಮ್ಮ ಗಣೀನೇ ಮುಚ್ಚೋಯ್ತಲ್ಲ ಸಾರ್. ಬೆಂಗಳೂರಿಂದ ಬರುತ್ತೆ."

"ಬೆಂಗಳೂರಿಗೆ?"

"ಬುಲಿಯನ್‌ನವರು, ಗಟ್ಟಿ ಚಿನ್ನ ಮಾರೋರು, ಕೊಡ್ತಾರೆ. ಬಿಸ್ಕತ್ತು. ಅವರಿಗೆ ಜಾಸ್ತಿ ದುಬೈಯಿಂದ ಬರುತ್ತೆ."

"ದುಬೈಯಲ್ಲಿ ಗಣಿ ಇದ್ಯಾ?"

ಸೇಟು ಕೆಲಸದ ಹುಡುಗನ ಮುಖ ನೋಡಿದರು. ಹುಡುಗ ನನ್ನ ಮುಖ ನೋಡಿದ. "ಅಷ್ಟು ದೂರ ಯಾರೂ ಕೇಳಲ್ಲ ಸಾರ್," ಅಂದರು ಸೇಟು. ಸುಳ್ಳು ಹೇಳಲಿಲ್ಲ, ಅದಕ್ಕೇ ನಾಲ್ಕು ಸ್ಟಾರ್ ಉಳಿದದ್ದು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಚಿಕ್ಕಪ್ಪನಿಗೆ ಉತ್ತರ ಹೇಳದೆ ಇರೋಕೆ ಆಗುವುದಿಲ್ಲ, ಹೇಳಿದರೆ ಮದುವೆ ಮನೆ ಮಾತಲ್ಲ. ಬಂಗಾರಪೇಟೆ ಬಸ್ಸಿನಲ್ಲಿ ಹೇಳಿದೆ. ಇಲ್ಲಿಯೂ ಹೇಳುತ್ತೇನೆ.

ದುಬೈಯಲ್ಲಿ ಗಣಿ ಇಲ್ಲ. ಚಿನ್ನ ಶುದ್ಧ ಮಾಡುವ ರಿಫೈನರಿಗಳಿವೆ, ಪೇಟೆ ಇದೆ. ಆಫ್ರಿಕಾದ ಎಷ್ಟೋ ದೇಶಗಳ ಚಿನ್ನ ಮೊದಲು ಇಳಿಯುವುದು ಅಲ್ಲಿ. ನಮ್ಮ ದೇಶ ವರ್ಷಕ್ಕೆ 700, 800 ಟನ್ ಚಿನ್ನ ಹೊರಗಿನಿಂದ ತರಿಸುತ್ತದೆ. ನಮ್ಮದೇ ದೊಡ್ಡ ಗಣಿ ಅಂದರೆ ರಾಯಚೂರಿನ ಹಟ್ಟಿ, ಅದು ಕೊಡುವುದು ವರ್ಷಕ್ಕೆ ಒಂದೂವರೆ ಟನ್ನಿನ ಆಸುಪಾಸು. ಹಾಗಾಗಿ ನಮ್ಮ ಕಿವಿಯಲ್ಲಿ, ಕೊರಳಲ್ಲಿ ಇರುವುದು ಬಹುಪಾಲು ಹೊರಗಿನದೇ. ಕಳಿಸುವವರಲ್ಲಿ ಸ್ವಿಟ್ಜರ್ಲೆಂಡ್ ದೊಡ್ಡದು, ದುಬೈ ಇರುವ ಯುಎಇಯೂ ದೊಡ್ಡದು. 2022ರ ಮೇ 1ರಿಂದ ಯುಎಇ ಜೊತೆ ವ್ಯಾಪಾರ ಒಪ್ಪಂದ ಬಂತು. ಗೊತ್ತುಪಡಿಸಿದ ಪ್ರಮಾಣದವರೆಗೆ ಅಲ್ಲಿನ ಚಿನ್ನಕ್ಕೆ ಸುಂಕ ಒಂದು ಪರ್ಸೆಂಟ್ ಕಡಿಮೆ. ವ್ಯಾಪಾರಿ ಎಲ್ಲಿ ಒಂದು ಪರ್ಸೆಂಟ್ ಉಳಿಯುತ್ತದೋ ಅಲ್ಲಿಗೇ ಹೋಗುತ್ತಾನೆ. ಅದರಲ್ಲಿ ತಪ್ಪೇನಿಲ್ಲ.

ಆದರೆ ಯುಎಇಗೆ ಎಲ್ಲಿಂದ ಬರುತ್ತದೆ? ಹಲವು ಕಡೆಯಿಂದ. ಅದರಲ್ಲಿ ಒಂದು ಸುಡಾನ್. ಅಲ್ಲಿ 2023ರ ಏಪ್ರಿಲ್ 15ರಿಂದ ಯುದ್ಧ.

ಸುಡಾನ್ ಮೊದಲು ಕಚ್ಚಾ ಎಣ್ಣೆ, ಅಂದರೆ ಪೆಟ್ರೋಲಿನ ಎಣ್ಣೆ, ಮಾರುವ ದೇಶ. 2011ರಲ್ಲಿ ದಕ್ಷಿಣ ಸುಡಾನ್ ಬೇರೆಯಾಯಿತು, ಎಣ್ಣೆಯ ಮುಕ್ಕಾಲು ಪಾಲು ಅದರ ಜೊತೆ ಹೋಯಿತು. ಸರ್ಕಾರದ ಕೈಯಲ್ಲಿ ಕಾಸಿಲ್ಲ. ಮರುವರ್ಷವೇ ದೇಶದ ಪಶ್ಚಿಮಕ್ಕಿರುವ ಉತ್ತರ ದಾರ್ಫುರ್‌ನ ಜೆಬೆಲ್ ಆಮಿರ್ ಅನ್ನುವ ಬೆಟ್ಟದಲ್ಲಿ ಚಿನ್ನ ಸಿಕ್ಕಿತು. ಜನ ಗುದ್ದಲಿ ಹಿಡಿದು ಓಡಿದರು. ಹಿಂದೆಯೇ ಬಂದೂಕಿನವರೂ ಬಂದರು. ಮೊಹಮ್ಮದ್ ಹಮ್ದಾನ್ ದಗಾಲೊ ಅನ್ನುವವನು, ಎಲ್ಲರೂ ಹೆಮೆಡ್ತಿ ಅನ್ನುತ್ತಾರೆ, ಒಂಟೆ ವ್ಯಾಪಾರ ಮಾಡಿಕೊಂಡಿದ್ದವನು. ದಾರ್ಫುರ್‌ನಲ್ಲಿ ಊರು ಸುಟ್ಟು ಹೆಸರು ಕೆಡಿಸಿಕೊಂಡ ಜಂಜಾವೀದ್ ಪಡೆಗಳಲ್ಲಿ ಮುಖಂಡನಾಗಿ ಬೆಳೆದ. 2013ರಲ್ಲಿ ಸರ್ಕಾರವೇ ಆ ಪಡೆಗಳಿಗೆ ಸಮವಸ್ತ್ರ ಕೊಟ್ಟು ಆರ್‌ಎಸ್‌ಎಫ್ ಅಂತ ಹೆಸರಿಟ್ಟಿತು. 2017ರಲ್ಲಿ ಜೆಬೆಲ್ ಆಮಿರ್ ಅವನ ಕೈಗೆ ಬಂತು. ಅವನ ಕುಟುಂಬದ್ದೇ ಚಿನ್ನದ ಕಂಪನಿ, ಅಲ್ ಜುನೈದ್ ಅಂತ. ಸ್ವಂತ ಸೈನ್ಯ, ಸ್ವಂತ ಗಣಿ. ಇನ್ನೇನು ಬೇಕು?

2019ರಲ್ಲಿ ಜನ ಬೀದಿಗಿಳಿದು ಮೂವತ್ತು ವರ್ಷ ಆಳಿದ ಬಶೀರನನ್ನು ಇಳಿಸಿದರು. ನಾಗರಿಕ ಸರ್ಕಾರ ಬರುವ ಆಸೆ ಇತ್ತು. 2021ರ ಅಕ್ಟೋಬರಿನಲ್ಲಿ ಸೇನೆಯ ಜನರಲ್ ಬುರ್ಹಾನ್, ಈ ಹೆಮೆಡ್ತಿ, ಇಬ್ಬರೂ ಸೇರಿ ಅದನ್ನು ಕಿತ್ತು ಹಾಕಿದರು. ಆಮೇಲೆ ಆರ್‌ಎಸ್‌ಎಫ್ ಸೇನೆಯೊಳಗೆ ಸೇರಬೇಕು, ಎಷ್ಟು ವರ್ಷದಲ್ಲಿ, ಯಾರ ಕೈಕೆಳಗೆ ಅಂತ ಅವರವರಲ್ಲೇ ಬಂತು. ರಾಜಧಾನಿ ಖಾರ್ಟೂಮ್ ಪಟ್ಟಣದ ನಡುವೆಯೇ ಗುಂಡು ಹಾರಿತು.

ಇಷ್ಟಾದರೆ ಅದು ಅವರ ದೇಶದ ಜಗಳ. ಆದರೆ ಎರಡು ಕಡೆಯವರಿಗೂ ಗುಂಡು, ಡ್ರೋನು, ದುಡ್ಡು ಬರುತ್ತಿರುವುದು ಹೊರಗಿನಿಂದ. ಯುಎಇಯಿಂದ ಚಾಡ್ ದೇಶದ ಅಮ್ಜರಾಸ್ ವಿಮಾನ ನಿಲ್ದಾಣದ ಮೂಲಕ ಆರ್‌ಎಸ್‌ಎಫ್‌ಗೆ ಆಯುಧ ಹೋಗುತ್ತಿದೆ ಅನ್ನುವ ಆರೋಪ ನಂಬುವಂಥದ್ದು ಅಂತ ವಿಶ್ವಸಂಸ್ಥೆಯ ತಜ್ಞರ ತಂಡ 2024ರ ಆರಂಭದಲ್ಲಿ ವರದಿ ಕೊಟ್ಟಿತು. ಯುಎಇ ಇದನ್ನು ಮೊದಲಿನಿಂದಲೂ ಅಲ್ಲಗಳೆಯುತ್ತಿದೆ, ಅಲ್ಲಿ ಇಳಿಯುವುದು ನೆರವಿನ ಸಾಮಾನು ಅನ್ನುತ್ತದೆ. ದಾರ್ಫುರ್‌ಗೆ ಆಯುಧ ಕಳಿಸಬಾರದು ಅಂತ ವಿಶ್ವಸಂಸ್ಥೆಯ ನಿರ್ಬಂಧ 2004ರಿಂದ ಇದೆ. ಆದರೂ ಚೀನಾದಲ್ಲಿ ತಯಾರಾದ ಬಾಂಬು, ಫಿರಂಗಿ ಯುಎಇ ಮೂಲಕ ಅಲ್ಲಿಗೆ ತಲುಪಿದೆ ಅಂತ ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ 2025ರಲ್ಲಿ ಹೇಳಿತು. ಫ್ರಾನ್ಸಿನ ಉಪಕರಣ ಇರುವ ಯುಎಇ ತಯಾರಿಕೆಯ ವಾಹನ ಅದಕ್ಕಿಂತ ಮೊದಲೇ ಸಿಕ್ಕಿತ್ತು. ಕೊಲಂಬಿಯಾದ ಮಾಜಿ ಸೈನಿಕರು ಕೂಲಿಗೆ ಬಂದು ಆರ್‌ಎಸ್‌ಎಫ್ ಪರ ಹೋರಾಡಿದರು. ಕೊಲಂಬಿಯಾ ಎಲ್ಲಿ, ದಾರ್ಫುರ್ ಎಲ್ಲಿ!

ಸೇನೆ ಕಡೆಯೇನು ಕಡಿಮೆ ಇಲ್ಲ. ಈಜಿಪ್ಟ್ ಬೆನ್ನಿಗಿದೆ. ಇರಾನಿನ ಮೊಹಾಜೆರ್ ಡ್ರೋನು, ಟರ್ಕಿಯ ಬೈರಕ್ತಾರ್ ಡ್ರೋನು ಸೇನೆಯ ಕೈಯಲ್ಲಿವೆ. ಸೇನೆಯ ವಿಮಾನಗಳು ಸಂತೆಗಳ ಮೇಲೆ ಬಾಂಬು ಹಾಕಿವೆ. ರಷ್ಯಾದ ವಾಗ್ನರ್ ಕೂಲಿ ಪಡೆ ಮೊದಲು ಚಿನ್ನದ ಗಣಿಗೆ ಬಂದು ಆರ್‌ಎಸ್‌ಎಫ್ ಜೊತೆ ಇತ್ತು, ಆಮೇಲೆ ರಷ್ಯಾ ಸರ್ಕಾರ ಕೆಂಪು ಸಮುದ್ರದಲ್ಲಿ ನೌಕಾನೆಲೆಯ ಆಸೆಗೆ ಸೇನೆ ಕಡೆ ವಾಲಿತು. 2025ರ ಸೆಪ್ಟೆಂಬರಿನಲ್ಲಿ ಮೂರು ತಿಂಗಳು ಯುದ್ಧ ನಿಲ್ಲಿಸಿ ಅಂತ ನಾಲ್ಕು ದೇಶ ಸೇರಿ ಹೇಳಿಕೆ ಕೊಟ್ಟವು. ಅಮೆರಿಕ, ಸೌದಿ, ಈಜಿಪ್ಟ್, ಯುಎಇ. ಅಣ್ಣತಮ್ಮಂದಿರ ಬದುವಿನ ಜಗಳಕ್ಕೆ ಬೆಳಗ್ಗೆ ಮಚ್ಚು ಕೊಟ್ಟವರೇ ಸಂಜೆ ಅರಳಿಕಟ್ಟೆ ಮೇಲೆ ಪಂಚಾಯ್ತಿಗೆ ಕೂತಂತೆ.

ಇದಕ್ಕೆಲ್ಲ ದುಡ್ಡು? ಬಹುಪಾಲು ಚಿನ್ನ. ಎರಡೂ ಕಡೆಯದ್ದು. ದಾರ್ಫುರ್‌ನ ಗಣಿಗಳು ಆರ್‌ಎಸ್‌ಎಫ್ ಹತ್ತಿರ, ಉತ್ತರ, ಪೂರ್ವದವು ಸೇನೆ ಹತ್ತಿರ. ಯುದ್ಧ ಬಂದರೆ ಗಣಿ ನಿಲ್ಲುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲಿ ಉಲ್ಟಾ. ಸೇನೆ ಹಿಡಿತದ ಪ್ರದೇಶದಲ್ಲೇ 2024ರಲ್ಲಿ 64 ಟನ್ ತೆಗೆದೆವು ಅಂತ ಅಲ್ಲಿನ ಸರ್ಕಾರಿ ಗಣಿ ಸಂಸ್ಥೆ ಹೇಳಿತು. ಯುದ್ಧಕ್ಕೆ ಮೊದಲಿನ 2022ರಲ್ಲಿ ಇಡೀ ದೇಶದ ಲೆಕ್ಕ 42 ಟನ್ನಿನ ಹತ್ತಿರ ಇತ್ತು. ಸ್ವಿಸ್‌ಏಡ್ ಅನ್ನುವ ಸಂಸ್ಥೆ ಆಮದು ಲೆಕ್ಕ ತೆಗೆದು ನೋಡಿತು. ಸುಡಾನಿನಿಂದ ನೇರವಾಗಿ ಯುಎಇಗೆ ಹೋದದ್ದು 2023ರಲ್ಲಿ 17 ಟನ್, 2024ರಲ್ಲಿ 29 ಟನ್. ಇದು ಕಾಗದದಲ್ಲಿ ಇರುವುದು. ಚಾಡ್, ಲಿಬಿಯಾ, ಈಜಿಪ್ಟ್ ಗಡಿ ದಾಟಿ ಹೋಗಿ ಆ ದೇಶದ ಹೆಸರಿನಲ್ಲಿ ದುಬೈ ಸೇರುವುದು ಬೇರೆ.

ಇದರಲ್ಲಿ ನನಗೆ ತಲೆ ಕೆಟ್ಟ ವಿಷಯ ಒಂದಿದೆ. ಸುಡಾನ್ ಸೇನಾ ಸರ್ಕಾರ ಯುಎಇ ಮೇಲೆ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು, ನರಮೇಧಕ್ಕೆ ಸಹಾಯ ಮಾಡುತ್ತಿದೆ ಅಂತ. 2025ರ ಮೇ ತಿಂಗಳಲ್ಲಿ ನ್ಯಾಯಾಲಯ ತನಗೆ ಅಧಿಕಾರ ವ್ಯಾಪ್ತಿ ಇಲ್ಲ ಅಂತ ಕೇಸು ತೆಗೆದು ಹಾಕಿತು. ಮರುದಿನವೇ ಸುಡಾನ್ ಯುಎಇ ಜೊತೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ಅದೇ ಸೇನೆ ಆ ಹೊತ್ತಿಗೆ ತನ್ನ ಚಿನ್ನದ ಬಹುಪಾಲನ್ನು ಮಾರುತ್ತಿದ್ದದ್ದು ಎಲ್ಲಿಗೆ? ಅದೇ ಯುಎಇಗೆ. ನಮಗೆ ಗುಂಡು ಹೊಡೆಸುತ್ತಿದ್ದಾರೆ ಅಂತ ಕೋರ್ಟಿನಲ್ಲಿ ಅಳು, ಅಂಗಡಿಯಲ್ಲಿ ಅವರಿಗೇ ಚಿನ್ನ. ಅಮೆರಿಕ 2025ರ ಜನವರಿಯಲ್ಲಿ ಆರ್‌ಎಸ್‌ಎಫ್ ನರಮೇಧ ಮಾಡಿದೆ ಅಂತ ಘೋಷಿಸಿ, ಹೆಮೆಡ್ತಿ ಮೇಲೂ ಯುಎಇಯಲ್ಲಿ ಕೂತ ಅವನ ಏಳು ಕಂಪನಿಗಳ ಮೇಲೂ ನಿರ್ಬಂಧ ಹಾಕಿತು. ಹತ್ತು ದಿನದೊಳಗೆ ಬುರ್ಹಾನ್ ಮೇಲೂ ಹಾಕಿತು. ಚಿನ್ನ ಹರಿಯುವುದೇನು ನಿಲ್ಲಲಿಲ್ಲ.

ನಮ್ಮ ಪೇಪರುಗಳಲ್ಲಿ ಸುಡಾನ್ ಮುಖಪುಟಕ್ಕೆ ಬಂದದ್ದು ಒಂದೇ ಸಲ, 2023ರ ಏಪ್ರಿಲ್‌ನಲ್ಲಿ, ನಮ್ಮ ವಿಧಾನಸಭೆ ಚುನಾವಣೆ ಗಲಾಟೆ ನಡುವೆ. ಗಿಡಮೂಲಿಕೆ, ಎಣ್ಣೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಕೊಂಡಿದ್ದರು. ಸಿದ್ದರಾಮಯ್ಯ ಟ್ವೀಟ್ ಮಾಡಿದರು, ಜೈಶಂಕರ್ ಸಿಟ್ಟಾಗಿ ಉತ್ತರ ಕೊಟ್ಟರು, ಎರಡು ದಿನ ಟಿವಿಯವರಿಗೆ ಹಬ್ಬ. ಆಪರೇಷನ್ ಕಾವೇರಿಯಲ್ಲಿ 3,862 ಜನರನ್ನು ಕರೆತಂದರು. ನಮ್ಮವರು ಮನೆಗೆ ಬಂದರು, ಟಿವಿ ಮತ್ತೆ ಚುನಾವಣೆಗೆ ಹೋಯಿತು. ಆ ಹಕ್ಕಿಪಿಕ್ಕಿಗಳಲ್ಲಿ ಎಷ್ಟೋ ಜನ ಬಾಡಿಗೆ ಮನೆ ಮಾಡಿಕೊಂಡಿದ್ದ ಊರು ಎಲ್ ಫಾಶರ್, ಉತ್ತರ ದಾರ್ಫುರ್‌ನ ಮುಖ್ಯ ಪಟ್ಟಣ. ಅವರಿಂದ ಎಣ್ಣೆ ಕೊಂಡ ಜನ ಅಲ್ಲೇ ಉಳಿದರು.

ಎಲ್ ಫಾಶರ್‌ಗೆ 2024ರ ಮೇ ತಿಂಗಳಿಂದ ಆರ್‌ಎಸ್‌ಎಫ್ ಮುತ್ತಿಗೆ ಹಾಕಿತು. ಪಕ್ಕದ ಜಮ್‌ಜಮ್ ನಿರಾಶ್ರಿತರ ಶಿಬಿರದಲ್ಲಿ ಆ ಆಗಸ್ಟಿಗೇ ಬರಗಾಲ ಅಂತ ಅಧಿಕೃತವಾಗಿ ಘೋಷಣೆಯಾಯಿತು. ಮರುವರ್ಷದ ಏಪ್ರಿಲ್‌ನಲ್ಲಿ ಆ ಶಿಬಿರದ ಮೇಲೇ ದಾಳಿ ಮಾಡಿದರು, ಲಕ್ಷಗಟ್ಟಲೆ ಜನ ಮತ್ತೆ ಓಡಿದರು. ಆಮೇಲೆ ಊರಿನ ಸುತ್ತ ಮಣ್ಣಿನ ಗೋಡೆ ಎಬ್ಬಿಸಿದರು. ಉಪಗ್ರಹದ ಚಿತ್ರದಲ್ಲಿ ಅಳೆದರೆ 2025ರ ಆಗಸ್ಟಿಗೇ ಅದು 30 ಕಿಲೋಮೀಟರ್ ದಾಟಿತ್ತು. ಒಳಗೆ ಹಿಟ್ಟು ಹೋಗುವಂತಿಲ್ಲ, ಹೊರಗೆ ಜನ ಬರುವಂತಿಲ್ಲ.

ಒಳಗಿನವರು ಏನು ತಿಂದರು ಗೊತ್ತಾ? ಅಂಬಾಜ್. ಅಂದರೆ ಕಡಲೆಕಾಯಿ ಹಿಂಡಿ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವುದು. ನಮ್ಮ ಕಡೆ ಸಂಜೆ ಹಾಲು ಕರೆಯುವ ಮುಂಚೆ ಬಕೆಟ್ಟಿನಲ್ಲಿ ನೆನೆಸಿ ಹಸುವಿಗೆ ಇಡುತ್ತೇವಲ್ಲ, ಅದೇ. ಬಸ್ಸಿನಲ್ಲಿ ಇದನ್ನು ಹೇಳಿದಾಗ ಅಮ್ಮ ತಿರುಗಿ "ಅದನ್ನ ಮಕ್ಕಳಿಗೆ ಹೆಂಗೆ ತಿನ್ನಿಸ್ತಾರೆ, ಬೂಸ್ಟು ಹಿಡಿದಿದ್ರೆ ಹಸುಗೇ ಆಗಲ್ಲ" ಅಂದರು. ಅಲ್ಲಿಯೂ ಬೂಸ್ಟು ಹಿಡಿದದ್ದನ್ನು ತಿಂದು ಜನ ಸತ್ತ ಸುದ್ದಿ ಬಂತು. ಕೊನೆಕೊನೆಗೆ ಆ ಹಿಂಡಿಯೂ ಮುಗಿಯುತ್ತಾ ಬಂತು.

2025ರ ಅಕ್ಟೋಬರ್ 26ರಂದು ಊರು ಬಿತ್ತು. ಸೌದಿ ಹೆರಿಗೆ ಆಸ್ಪತ್ರೆಯಲ್ಲಿ ರೋಗಿಗಳು, ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನರನ್ನು ಕೊಂದರು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಕೊಲ್ಲುವುದನ್ನು ಕೊಂದವರೇ ಫೋನಿನಲ್ಲಿ ತೆಗೆದು ಹಾಕಿಕೊಂಡಿದ್ದರು. ನಾನು ಒಂದನ್ನೂ ಪೂರ್ತಿ ನೋಡಿಲ್ಲ. ನೋಡಬೇಡಿ.

ಇಡೀ ದೇಶದ ಲೆಕ್ಕ ಹೇಳಿದರೆ ಅಂಕಿ ದೊಡ್ಡದಾಗುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ. ಮನೆ ಬಿಟ್ಟವರು ಒಂದು ಕೋಟಿಗೂ ಹೆಚ್ಚು. ಅದರಲ್ಲಿ ಗಡಿ ದಾಟಿ ಚಾಡ್, ಈಜಿಪ್ಟ್, ದಕ್ಷಿಣ ಸುಡಾನ್ ಸೇರಿದವರೇ 40 ಲಕ್ಷ ದಾಟಿದ್ದಾರೆ. 2025ರಲ್ಲಿ ಎರಡು ಕೋಟಿಗೂ ಹೆಚ್ಚು ಜನರಿಗೆ ಹೊಟ್ಟೆ ತುಂಬ ಊಟ ಇರಲಿಲ್ಲ. ಅದರ ಮೇಲೆ ಕಾಲರಾ. ಹೊರಗಿನವರು ಆಯುಧ ಕಳಿಸಿದ್ದು ಮಾತ್ರ ಅಲ್ಲ, ಅನ್ನ ನಿಲ್ಲಿಸಿದ್ದೂ ಇದೆ. ಅಲ್ಲಿನ ಹುಡುಗ ಹುಡುಗಿಯರೇ ಓಣಿ ಓಣಿಯಲ್ಲಿ ಗುಂಪು ಮಾಡಿಕೊಂಡು ದೊಡ್ಡ ಪಾತ್ರೆ ಇಟ್ಟು ಗಂಜಿ ಬೇಯಿಸಿ ಹಂಚುತ್ತಿದ್ದರು, ತುರ್ತು ಸ್ಪಂದನೆ ಕೊಠಡಿಗಳು ಅಂತ ಕರೆಯುತ್ತಾರೆ, 2025ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಅದೇ ವರ್ಷದ ಆರಂಭದಲ್ಲಿ ಅಮೆರಿಕ ತನ್ನ ನೆರವು ನಿಲ್ಲಿಸಿದ್ದಕ್ಕೆ ಆ ಅಡುಗೆ ಮನೆಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಬಾಗಿಲು ಹಾಕಿದವು. ಪ್ರಶಸ್ತಿ ಬಂದಾಗ ಎಷ್ಟೋ ಕಡೆ ಒಲೆ ಇರಲಿಲ್ಲ.

ಸರಿ, ಅಂಗಡಿಗೆ ಬರೋಣ.

ನನ್ನ ತಂಗಿಯ ಜುಮುಕಿಯಲ್ಲಿ ಸುಡಾನ್ ಚಿನ್ನ ಇದೆ ಅಂತ ನಾನು ಹೇಳುತ್ತಿಲ್ಲ. ಪೆರುವಿನದ್ದೋ, ಘಾನಾದ್ದೋ, ಯಾರದೋ ಅಜ್ಜಿಯ ಬಳೆ ಕರಗಿಸಿದ್ದೋ ಇರಬಹುದು. ಆದರೆ ಇಲ್ಲ ಅಂತ ಹೇಳುವ ಕಾಗದ ಸೇಟು ಹತ್ತಿರ ಇಲ್ಲ, ಅವರಿಗೆ ಕೊಟ್ಟ ಬುಲಿಯನ್‌ನವರು ಅಂಗಡಿಗೆ ಅಂಥ ಕಾಗದ ಕೊಡುವ ಪದ್ಧತಿಯೂ ಇಲ್ಲ. ಎಚ್‌ಯುಐಡಿ ಒತ್ತಿದರೆ ಅಂಗಡಿವರೆಗೆ ಬರುತ್ತದೆ, ಪರೀಕ್ಷೆ ಮಾಡಿದ ಕೇಂದ್ರದವರೆಗೆ ಬರುತ್ತದೆ, ಅಲ್ಲಿಗೆ ನಿಂತಿತು. ನೂರಕ್ಕೆ 91.6 ಪಾಲು ಚಿನ್ನ ಅಂತ ಮಿಲಿ ಲೆಕ್ಕದಲ್ಲಿ ಹೇಳುವ ವ್ಯವಸ್ಥೆಗೆ ಅದು ಯಾವ ಖಂಡದ್ದು ಅಂತ ಹೇಳೋಕೆ ಬರುವುದಿಲ್ಲ. ಮಾವಿನಕಾಯಿ ಡಬ್ಬಿಯ ಮೇಲೆ ಶ್ರೀನಿವಾಸಪುರ ಅಂತ ಇರುತ್ತದೆ, ಲಕ್ಷ ರೂಪಾಯಿ ಒಡವೆ ಮೇಲೆ ಊರಿಲ್ಲ.

ಕರಗಿಸುವುದೇ ಇದರ ಗುಟ್ಟು ಅಂತ ಚಿಕ್ಕಪ್ಪ ಹೇಳಿದರು. ಕಲ್ಲಿನಲ್ಲಿ ಇರುವಾಗ ಚಿನ್ನದ ಜೊತೆ ಬೆಳ್ಳಿ, ತಾಮ್ರ, ಇನ್ನೂ ಏನೇನೋ ಇರುತ್ತವೆ, ಅದರ ಪಾಲು ಗಣಿಯಿಂದ ಗಣಿಗೆ ಬೇರೆ. ಪಳಗಿದವರು ಪರೀಕ್ಷೆ ಮಾಡಿ ಹೇಳಬಹುದು. ರಿಫೈನರಿಯಲ್ಲಿ 999ಕ್ಕೆ ತಂದರೆ ಎಲ್ಲ ಅಳಿಸಿ ಹೋಯಿತು. ನಾಲ್ಕು ದೇಶದ್ದು ಒಂದೇ ಮೂಸೆಗೆ ಹಾಕಿದರೆ ದೇವರು ಬಂದರೂ ಬೇರೆ ಮಾಡೋಕೆ ಆಗುವುದಿಲ್ಲ. ಆಮೇಲೆ ಬಿಸ್ಕತ್ತಿನ ಮೇಲೆ ರಿಫೈನರಿ ಮುದ್ರೆ. ಹಾಗಾಗಿ ಲೆಕ್ಕ ಇಡಬೇಕಾದದ್ದು ಕರಗಿಸುವ ಮೊದಲು, ಇಡಬೇಕಾದವರು ರಿಫೈನರಿಯವರು, ಕೇಳಬೇಕಾದವರು ಟನ್ನುಗಟ್ಟಲೆ ತರಿಸುವವರು ಮತ್ತು ಅವರಿಗೆ ಸುಂಕ ಬಿಟ್ಟ ಸರ್ಕಾರ. ರಾಬರ್ಟ್‌ಸನ್‌ಪೇಟೆಯ ಸೇಟು ತಲೆ ಮೇಲೆ ಇದನ್ನು ಹೊರಿಸಿದರೆ ಅನ್ಯಾಯ. ಆದರೂ ಅವರು ಒಂದು ಸಲ ತಮ್ಮ ಬುಲಿಯನ್‌ನವರನ್ನು ಕೇಳಬಹುದಿತ್ತಲ್ಲ? ಇಷ್ಟು ವರ್ಷದಲ್ಲಿ ಒಂದು ಸಲ? ಅದಕ್ಕೇ ಒಂದು ಸ್ಟಾರ್.

ಚಿಕ್ಕಪ್ಪನಿಗೆ ಇದೆಲ್ಲ ಹೊಸದೇನೂ ಅನ್ನಿಸಲಿಲ್ಲ. ನಮ್ಮ ಊರಿನ ಚಿನ್ನವೂ 1880ರ ದಶಕದಿಂದ ಜಾನ್ ಟೇಲರ್ ಕಂಪನಿ ಕೈಯಲ್ಲಿ ಹಡಗು ಹತ್ತಿದ್ದೇ. ಲಂಡನ್ನಿನಲ್ಲಿ ಉಂಗುರ ಹಾಕಿಕೊಂಡವರು ಮಾರಿಕುಪ್ಪಂ ಎಲ್ಲಿದೆ ಅಂತ ಕೇಳಿದ್ದರಾ ಅಂದರು. ನೂರಿಪ್ಪತ್ತು ವರ್ಷದಲ್ಲಿ 800 ಟನ್ ಹೋಯಿತು, ಉಳಿದದ್ದು ಸಯನೈಡ್ ದಿಬ್ಬಗಳು. ಗಾಳಿ ಬೀಸಿದರೆ ಇವತ್ತಿಗೂ ಆ ಪುಡಿ ಮನೆಗಳ ಒಳಗೆ ಬರುತ್ತದೆ. ಸುಡಾನಿನಲ್ಲಿಯೂ ಹಾಗೇ, ಬಡವರು ಪಾದರಸ ಹಾಕಿ ಒಂದಿಷ್ಟು ಚಿನ್ನ ತೆಗೆಯುತ್ತಾರೆ, ಉಳಿದ ಮಣ್ಣನ್ನು ಕಾರ್ತಾ ಅನ್ನುತ್ತಾರೆ, ಅದನ್ನು ಕಂಪನಿಗಳು ಕೊಂಡು ಸಯನೈಡ್‌ನಲ್ಲಿ ಮತ್ತೆ ತೊಳೆಯುತ್ತವೆ. ಲಾಭ ಇರುವುದು ಆ ಎರಡನೇ ತೊಳೆತದಲ್ಲೇ. ಇದನ್ನು ಹೇಳಿದಾಗ ಮಾತ್ರ ಚಿಕ್ಕಪ್ಪ ಕಿಟಕಿ ಕಡೆಯಿಂದ ತಿರುಗಿ, "ನೀರು ಎಲ್ಲಿಗೆ ಬಿಡ್ತಾರೆ?" ಅಂತ ಕೇಳಿದರು. ಮಿಲ್ಲಿನವರ ಪ್ರಶ್ನೆ.

ಇಷ್ಟೆಲ್ಲ ಗೊತ್ತಿದ್ದೂ ಕೊಂಡಿರಾ ಅಂತ ಕೇಳುವವರು ಇರುತ್ತೀರಿ. ಕೊಂಡೆವು. ಮದುವೆ ಮನೆಯಲ್ಲಿ ಹುಡುಗಿ ಕಿವಿ ಬೋಳು ಇಟ್ಟು ಸುಡಾನ್ ಕಥೆ ಹೇಳಿದರೆ ಬೀಗರು ಕೇಳುವುದಿಲ್ಲ. ಒಂದು ಬದಲಾವಣೆ ಮಾಡಿದೆವು. ಸರವನ್ನು ಹೊಸದು ತಗೊಳ್ಳುವುದನ್ನು ಬಿಟ್ಟು, ಅಮ್ಮನ ಹಳೇ ಸರವನ್ನೇ ಕರಗಿಸಿ ಮಾಡಿಕೊಡಿ ಅಂದೆವು. ಅದಲು ಬದಲು ಅಲ್ಲ, ಅದೇ ಚಿನ್ನ. ಸೇಟುಗೆ ಇದು ಇಷ್ಟ ಇರಲಿಲ್ಲ, "ಹಳೇದು ಕೊಟ್ಟು ಹೊಸದು ತಗೊಳ್ಳಿ ಮೇಡಂ, ಕೈಗೆ ಕೈ" ಅಂದರು. ಆಮೇಲೆ ಒಪ್ಪಿ ಹಿಂದಿನ ಓಣಿಯ ಅಕ್ಕಸಾಲಿಗೆ ಕೊಟ್ಟರು. ಕರಗಿಸುವಾಗ ನಾವು ಎದುರಿಗೇ ನಿಂತಿದ್ದೆವು. ಕರಗಿಸುವ ಮುಂಚಿನ ತೂಕ, ಆಮೇಲಿನ ತೂಕ ಎರಡನ್ನೂ ಚೀಟಿಯಲ್ಲಿ ಬರೆಸಿಕೊಂಡೆವು, ನೀವೂ ಬರೆಸಿಕೊಳ್ಳಿ. ಕೂಲಿ ಜಾಸ್ತಿ ಬಿತ್ತು, ಆದರೂ ಹೊಸ ಸರಕ್ಕಿಂತ ತುಂಬಾ ಕಡಿಮೆ. ಮಾಡಿದ ಮೇಲೆ ಹಾಲ್‌ಮಾರ್ಕಿಗೆ ಕಳಿಸುವುದು ಅಂಗಡಿಯ ಜವಾಬ್ದಾರಿ ಅಂತ ಮೊದಲೇ ಮಾತಾಡಿಕೊಳ್ಳಿ. ನಮ್ಮದು ಹೇಳಿದ ದಿನಕ್ಕಿಂತ ತಡವಾಗಿ ಬಂತು, ಫೋನ್ ಮಾಡಿದರೆ "ಇವತ್ತು ಬರುತ್ತೆ ಮೇಡಂ" ಅನ್ನುವ ಹಳೇ ರಾಗ.

ಉಳಿದಂತೆ: ಕಾರ್ಡ್ ಕೊಟ್ಟರೆ ಮುಖ ಸಣ್ಣ ಮಾಡುತ್ತಾರೆ, ಯುಪಿಐ ನಡೆಯುತ್ತದೆ. ಎರಡು ಲಕ್ಷ ದಾಟಿದರೆ ಪ್ಯಾನ್ ಕಾರ್ಡ್ ಬೇಕು. ಬಿಲ್ಲು ಬೇಡ ಅಂದರೆ 3 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತೆ ಅನ್ನುವ ಮಾತು ಈ ಸಾಲಿನ ಒಂದು ಅಂಗಡಿಯಲ್ಲಿ ಬಂತು, ಇವರಲ್ಲಿ ಬರಲಿಲ್ಲ. ಶುಕ್ರವಾರ ಸಂಜೆ, ಅಕ್ಷಯ ತೃತೀಯದ ವಾರ ಹೋಗಬೇಡಿ, ಕೂರೋಕೆ ಜಾಗ ಇರುವುದಿಲ್ಲ. ಗಾಡಿ ನಿಲ್ಲಿಸೋಕೆ ಮಾರ್ಕೆಟ್ ಹಿಂದೆ ಜಾಗ ಹುಡುಕಿಕೊಳ್ಳಬೇಕು. ಜುಮುಕಿಯ ತಿರುಪು ಸ್ವಲ್ಪ ಸಡಿಲ ಇತ್ತು, ಮರುದಿನ ತಗೊಂಡು ಹೋದೆ, ದುಡ್ಡು ಕೇಳದೆ ಸರಿ ಮಾಡಿಕೊಟ್ಟರು. ಆಗ ಸೇಟು ತಾವಾಗಿಯೇ ಹೇಳಿದರು, ಬುಲಿಯನ್‌ನವರಿಗೆ ಫೋನ್ ಮಾಡಿ ಕೇಳಿದೆ, ಅವರು "ಯಾಕೆ, ಏನಾದ್ರೂ ರೇಡು ಬಂತಾ?" ಅಂತ ಕೇಳಿದರು ಅಂತ.